ಇಸಾಕ್‌ಗೆ 12.5 ಕೋಟಿ ಪೌಂಡ್: ಈ ಟ್ರಾನ್ಸ್‌ಫರ್ ಫೀ ನಿಜಕ್ಕೂ ಯಾವುದರ ಬೆಲೆ?

ಕಾರ್ನರ್ ಕಿಕ್

2025ರ ಸೆಪ್ಟೆಂಬರ್ 1, ಟ್ರಾನ್ಸ್‌ಫರ್ ವಿಂಡೋ (ಕ್ಲಬ್ಬುಗಳು ಆಟಗಾರರನ್ನು ಕೊಳ್ಳೋ-ಮಾರೋ ಅವಧಿ) ಮುಚ್ಚುವ ದಿನ. ಲಿವರ್‌ಪೂಲ್‌ನವರು ಅಲೆಕ್ಸಾಂಡರ್ ಇಸಾಕ್‌ನನ್ನು ನ್ಯೂಕಾಸಲ್‌ನಿಂದ 12.5 ಕೋಟಿ ಪೌಂಡ್‌ಗೆ ತಂದರು. ಬ್ರಿಟನ್ನಿನ ಮಟ್ಟಿಗೆ ಇದೇ ದಾಖಲೆ. ಅದಾದ ಮೇಲೆ ಎಲ್ಲಿ ನೋಡಿದರೂ ಒಂದೇ ಗೊಣಗಾಟ. ಒಬ್ಬ ಮನುಷ್ಯನಿಗೆ ಇಷ್ಟು ದುಡ್ಡಾ, ಫುಟ್‌ಬಾಲ್ ಕೆಟ್ಟೋಯ್ತು, ಹಾಗೆ ಹೀಗೆ.

ನನಗೇನೋ ಈ ಗೊಣಗಾಟವೇ ದಾರಿ ತಪ್ಪಿದೆ ಅನ್ನಿಸುತ್ತೆ. ಆ ದುಡ್ಡು ಇಸಾಕ್‌ನ ಬೆಲೆ ಅಲ್ಲ. ನ್ಯೂಕಾಸಲ್ ಜೊತೆ ಅವನಿಗೆ 2028ರವರೆಗೆ ಒಪ್ಪಂದ ಇತ್ತು. ಉಳಿದಿದ್ದ ಆ ಮೂರು ವರ್ಷ ಬಿಟ್ಟುಕೊಡೋಕೆ ನ್ಯೂಕಾಸಲ್ ವಸೂಲಿ ಮಾಡಿದ ದುಡ್ಡು ಅದು.

ಅದೇ ಬೇಸಿಗೆಯಲ್ಲಿ ಟ್ರೆಂಟ್ ಅಲೆಕ್ಸಾಂಡರ್-ಅರ್ನಾಲ್ಡ್ ಲಿವರ್‌ಪೂಲ್ ಬಿಟ್ಟು ರಿಯಲ್ ಮ್ಯಾಡ್ರಿಡ್‌ಗೆ ಹೋದ. ಅವನ ಒಪ್ಪಂದ ಜೂನ್ 30ಕ್ಕೆ ಮುಗಿಯುತ್ತಿತ್ತು. ಅಲ್ಲಿವರೆಗೆ ಕಾದಿದ್ದರೆ ಮ್ಯಾಡ್ರಿಡ್ ಲಿವರ್‌ಪೂಲ್‌ಗೆ ಬಿಡಿಗಾಸೂ ಕೊಡಬೇಕಿರಲಿಲ್ಲ. ಆದರೆ ಜೂನ್ ಮಧ್ಯದಲ್ಲೇ ಕ್ಲಬ್ ವಿಶ್ವಕಪ್ ಶುರುವಾಗೋದಿತ್ತು. ಅದರಲ್ಲಿ ಆಡಿಸಬೇಕು ಅಂತ ಒಂದು ತಿಂಗಳು ಮುಂಚೆ ಬಿಡಿಸಿಕೊಳ್ಳೋಕೆ ಸುಮಾರು 1 ಕೋಟಿ ಯೂರೋ ಕೊಟ್ಟರು ಅಂತ ವರದಿಯಾಯ್ತು. ಒಂದೇ ಒಂದು ತಿಂಗಳಿಗೆ! ಆಮೇಲೆ ನೋಡಿದರೆ ಅದೇ ಆಟಗಾರ, ಅದೇ ಕಾಲು, ಫೀ ಸೊನ್ನೆ.

ಎಂಬಾಪೆಯನ್ನೇ ನೋಡಿ. ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ಅವನಿಗಾಗಿ ಮೊನಾಕೊಗೆ 18 ಕೋಟಿ ಯೂರೋ ಕೊಟ್ಟಿತು. 2024ರಲ್ಲಿ ಅವನು ಮ್ಯಾಡ್ರಿಡ್‌ಗೆ ಹೋದಾಗ ಪಿಎಸ್‌ಜಿಗೆ ಫೀ ಅಂತ ಏನೂ ಬರಲಿಲ್ಲ. ಆಟ ಮರೆತು ಹೋಗಿತ್ತಾ? ಇಲ್ಲ. ಒಪ್ಪಂದ ಮುಗಿದಿತ್ತು, ಅಷ್ಟೇ.

ಹಾಗಾಗಿ ನನ್ನ ವಾದ ಇಷ್ಟು. ಆಟಗಾರ ಇಷ್ಟು ಬಾಳ್ತಾನಾ ಅಂತ ಕೇಳೋದು ಬಿಡಿ. ಒಪ್ಪಂದದ ವರ್ಷಗಳ ರೇಟು ಯಾಕೆ ಈ ಪಾಟಿ ಏರಿದೆ, ಏರಿಸ್ತಿರೋರು ಯಾರು ಅಂತ ಕೇಳಿ.

ರೆಡ್ ಕಾರ್ಡ್

ಏರಿಸಿದ್ದು ಯಾರು ಅಂತ ಇಡೀ ಜಗತ್ತಿಗೆ ಗೊತ್ತು ಗುರು. 2017ರ ಆಗಸ್ಟ್, ಬಾರ್ಸಿಲೋನಾದಿಂದ (ಬಾರ್ಸಾ) ಪಿಎಸ್‌ಜಿಗೆ ನೇಮರ್, 22.2 ಕೋಟಿ ಯೂರೋ. ಅದಕ್ಕೆ ಮುಂಚೆ ದಾಖಲೆ ಎಷ್ಟಿತ್ತು? 2016ರ ಪೋಗ್ಬಾ, 10.5 ಕೋಟಿ. ಒಂದೇ ವರ್ಷದಲ್ಲಿ ಡಬಲ್‌ಗಿಂತ ಜಾಸ್ತಿ. ಕತಾರ್ ಸರ್ಕಾರದ ದುಡ್ಡು ಹಿಂದೆ ಇರೋ ಕ್ಲಬ್ ಬಂದು ಮೇಜಿನ ಮೇಲೆ ಚೆಕ್ ಇಟ್ಟರೆ ಮಾರುಕಟ್ಟೆ ಹಾಳಾಗದೆ ಇನ್ನೇನಾಗುತ್ತೆ? ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಒಪ್ಪಂದದ ಬೆಲೆ, ಆಟಗಾರನ ಬೆಲೆ ಅಂತ ಕೂದಲು ಸೀಳೋದೆಲ್ಲ ಸುಮ್ನೆ.

ಕಾರ್ನರ್ ಕಿಕ್

ಆ ಚೆಕ್ಕಿನ ಕಥೆಯೇ ನನ್ನ ಮಾತಿಗೆ ಸಾಕ್ಷಿ. ಸ್ಪೇನಿನ ಕಾನೂನಿನ ಪ್ರಕಾರ ಆಟಗಾರ ಒಂದು ಮೊತ್ತ ಕಟ್ಟಿ ತನ್ನ ಒಪ್ಪಂದದಿಂದ ಬಿಡಿಸಿಕೊಳ್ಳಬಹುದು. ಅದಕ್ಕೇ ಅಲ್ಲಿನ ಒಪ್ಪಂದಗಳಲ್ಲಿ ರಿಲೀಸ್ ಕ್ಲಾಝ್ (ಬಿಡುಗಡೆಯ ಮೊತ್ತದ ಷರತ್ತು) ಇದ್ದೇ ಇರುತ್ತೆ. ಬಾರ್ಸಾದವರು ನೇಮರ್‌ಗೆ 22.2 ಕೋಟಿ ಅಂತ ಬರೆದಿಟ್ಟಿದ್ದೇ ಯಾರೂ ಹತ್ತಿರ ಬರಬಾರದು ಅಂತ. ಪಿಎಸ್‌ಜಿ ಚೌಕಾಸಿಗೇ ಕೂರಲಿಲ್ಲ. ನೇಮರ್‌ನ ವಕೀಲರು ಮೊದಲು ಸ್ಪೇನಿನ ಲೀಗ್ ಲಾ ಲಿಗಾ ಕಚೇರಿಗೆ ಹೋದರು. ಅವರು ದುಡ್ಡು ತಗೊಳ್ಳಲ್ಲ ಅಂದರು. ಆಮೇಲೆ ಸೀದಾ ಬಾರ್ಸಾ ಕಚೇರಿಗೆ ಹೋಗಿ ಕಟ್ಟಿ ಬಂದರು. ಬೆಲೆ ಬರೆದಿಟ್ಟಿದ್ದು ಬಾರ್ಸಾ, ಪಿಎಸ್‌ಜಿ ಅಲ್ಲ.

ಬೆಂಚ್ ಪ್ಲೇಯರ್

"ಯಾರೂ ಕೊಡಲ್ಲ" ಅಂತ ಒಂದು ರೇಟು ಬರೆಯೋದು, ಯಾರೋ ಬಂದು ಕೊಟ್ಟೇ ಬಿಟ್ಟಾಗ ಬಾಯಿ ಬಾಯಿ ಬಡ್ಕೊಳ್ಳೋದು 😂

ಎಡಗಾಲ

ಗೊಣಗಾಟ ಹೊಸದೇನಲ್ಲ, ಅದನ್ನ ಹೇಳೋಕೆ ಬಂದೆ. 1905ರಲ್ಲಿ ಮಿಡಲ್ಸ್‌ಬರೋ ಕ್ಲಬ್ ಆಲ್ಫ್ ಕಾಮನ್ ಅನ್ನೋ ಫಾರ್ವರ್ಡ್‌ನನ್ನು ಸಂಡರ್‌ಲ್ಯಾಂಡ್‌ನಿಂದ 1000 ಪೌಂಡ್‌ಗೆ ತಗೊಂಡಿತು. ಸಾವಿರ ಮುಟ್ಟಿದ ಮೊದಲ ಆಟಗಾರ ಅವನೇ. ಆಗಲೂ ಪತ್ರಿಕೆಗಳು ಉರಿದುಬಿದ್ದಿದ್ದವು. ಮನುಷ್ಯರನ್ನು ಮಾರಿ ಕೊಳ್ಳೋದಾ, ಎಲ್ಲಿಗೆ ಬಂತು ಆಟ ಅಂತ. ಆದರೆ ಮಿಡಲ್ಸ್‌ಬರೋ ಆಗ ಕೆಳಗಿನ ಡಿವಿಷನ್‌ಗೆ ಜಾರುವ ಸ್ಥಿತಿಯಲ್ಲಿತ್ತು. ಕಾಮನ್ ಬಂದ, ಕ್ಲಬ್ ಉಳಿದುಕೊಂಡಿತು. ಅವರ ಪಾಲಿಗೆ ಆ ಸಾವಿರ ದಂಡವಾಗಲಿಲ್ಲ.

1908ರಲ್ಲಿ ಇಂಗ್ಲಿಷ್ ಫುಟ್‌ಬಾಲ್ ಅಸೋಸಿಯೇಷನ್ ಟ್ರಾನ್ಸ್‌ಫರ್ ಫೀಗೆ 350 ಪೌಂಡ್‌ನ ಮಿತಿ ಹಾಕಿ ನೋಡಿತು. ಕೆಲವೇ ತಿಂಗಳಲ್ಲಿ ಕೈಬಿಟ್ಟಿತು. "ಒಂದು ಮಿತಿ ಹಾಕಿದರೆ ಆಯ್ತಪ್ಪ" ಅನ್ನೋರು ಇದನ್ನ ಮರೀಬೇಡಿ.

1979ರಲ್ಲಿ ಟ್ರೆವರ್ ಫ್ರಾನ್ಸಿಸ್. ಬರ್ಮಿಂಗ್‌ಹ್ಯಾಮ್‌ನಿಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ. ಬ್ರಿಟನ್ನಿನ ಮೊದಲ 10 ಲಕ್ಷ ಪೌಂಡ್ ಆಟಗಾರ. ಅದೇ ವರ್ಷದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಮಾಲ್ಮೊ ವಿರುದ್ಧ ತಲೆಯಿಂದ ಗೋಲು ಹೊಡೆದು ಗೆಲ್ಲಿಸಿದ. ಯುರೋಪಿಯನ್ ಕಪ್‌ನಲ್ಲಿ ಅವನಿಗೆ ಅದು ಮೊದಲ ಪಂದ್ಯ ಬೇರೆ. ಆ 10 ಲಕ್ಷ ದುಬಾರಿ ಅಂತ ಇವತ್ತು ಯಾರಾದರೂ ಅಂತಾರಾ?

ರೆಡ್ ಕಾರ್ಡ್

@ಎಡಗಾಲ, ಸರ್, ಕಥೆ ಚೆನ್ನಾಗಿದೆ. ಆದರೆ ಗೆದ್ದವರನ್ನಷ್ಟೇ ಆರಿಸಿ ತಂದಿದ್ದೀರಿ. ಆಂಟನಿಯನ್ನೂ ಸೇರಿಸಿ. 2022ರಲ್ಲಿ ಅಯಾಕ್ಸ್‌ನಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, 9.5 ಕೋಟಿ ಯೂರೋ. 2025ರಲ್ಲಿ ರಿಯಲ್ ಬೆಟಿಸ್‌ಗೆ ಮಾರಿದಾಗ ಬಂದಿದ್ದು ಅದರ ಕಾಲು ಭಾಗದಷ್ಟು. ಮಗ್ವೈರ್ 8 ಕೋಟಿ ಪೌಂಡ್. ಜೊವಾವ್ ಫೆಲಿಕ್ಸ್ 12.6 ಕೋಟಿ ಯೂರೋ. ಚೆಲ್ಸಿ 2021ರಲ್ಲಿ ಲುಕಾಕುಗೆ 9.75 ಕೋಟಿ ಪೌಂಡ್ ಸುರಿದು, ಒಂದೇ ಸೀಸನ್ ಆದಮೇಲೆ ತಂದಿದ್ದ ಕಡೆಗೇ ಲೋನ್ ಮೇಲೆ (ಅಂದರೆ ತಾತ್ಕಾಲಿಕವಾಗಿ) ವಾಪಸ್ ಕಳಿಸಿತು. ಇನ್ನೂ ಬೇಕಾ?

ಲೆಕ್ಕದ ಮೇಷ್ಟ್ರು

ನನ್ನ ಕಸುಬೇ ಲೆಕ್ಕಪತ್ರ. ಹಾಗಾಗಿ ಯಾರೂ ಮುಟ್ಟದ ಒಂದು ವಿಷಯ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಕ್ಲಬ್ಬು 10 ಕೋಟಿ ಕೊಟ್ಟು ಆಟಗಾರನನ್ನು ತಂದರೆ ಆ ವರ್ಷದ ಲೆಕ್ಕದಲ್ಲಿ 10 ಕೋಟಿ ಖರ್ಚು ಬೀಳಲ್ಲ. ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚಿ ಬರೀತಾರೆ. 5 ವರ್ಷದ ಒಪ್ಪಂದ ಅಂದರೆ ವರ್ಷಕ್ಕೆ 2 ಕೋಟಿ. ಇದಕ್ಕೆ ಅಮಾರ್ಟೈಸೇಶನ್ ಅಂತಾರೆ. ಮಾರುವಾಗ ಮಾತ್ರ ಉಲ್ಟಾ. ಬಂದ ಲಾಭ ಪೂರ್ತಿ ಅದೇ ವರ್ಷದ ಲೆಕ್ಕಕ್ಕೆ.

ಉದಾಹರಣೆಗೆ 5 ಕೋಟಿಗೆ 5 ವರ್ಷದ ಒಪ್ಪಂದದ ಮೇಲೆ ಒಬ್ಬನನ್ನ ತಂದಿರಿ. ಎರಡು ವರ್ಷ ಆಯ್ತು. ಪುಸ್ತಕದಲ್ಲಿ ಈಗ ಅವನ ಬೆಲೆ 3 ಕೋಟಿ. 4 ಕೋಟಿಗೆ ಮಾರಿದಿರಿ. ಜನ ಏನಂತಾರೆ? 1 ಕೋಟಿ ಲಾಸ್ ಮಾಡ್ಕೊಂಡ್ರು ಅಂತಾರೆ. ಪುಸ್ತಕದಲ್ಲಿ ನಿಮಗೆ 1 ಕೋಟಿ ಲಾಭ.

ಇನ್ನು ಚೆಲ್ಸಿ. 2023ರ ಜನವರಿಯಲ್ಲಿ ಎಂಜೊ ಫರ್ನಾಂಡಿಸ್‌ನನ್ನು ಬೆನ್ಫಿಕಾದಿಂದ 10.68 ಕೋಟಿ ಪೌಂಡ್‌ಗೆ ತಂದರು. ಒಪ್ಪಂದ ಎಂಟೂವರೆ ವರ್ಷ, 2031ರವರೆಗೆ. ಭಾಗಿಸಿ ನೋಡಿ. ವರ್ಷಕ್ಕೆ 1.25 ಕೋಟಿ ಚಿಲ್ಲರೆ. ಐದೇ ವರ್ಷದ ಒಪ್ಪಂದ ಆಗಿದ್ದರೆ ವರ್ಷಕ್ಕೆ 2.14 ಕೋಟಿ ಬೀಳ್ತಿತ್ತು. ಅದೇ ತಿಂಗಳು ಶಖ್ತಾರ್‌ನಿಂದ ಬಂದ ಮುದ್ರಿಕ್‌ಗೂ ಎಂಟೂವರೆ ವರ್ಷ. ಕೊಂಡುಕೊಳ್ಳೋನಿಗೆ ಆ ವರ್ಷದ ಲೆಕ್ಕದಲ್ಲಿ ನೋವೇ ಆಗದಿದ್ದರೆ ಅವನು ಚೌಕಾಸಿ ಯಾಕೆ ಮಾಡ್ತಾನೆ?

ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ 2023ರಲ್ಲಿ ಇದಕ್ಕೆ ಕಡಿವಾಣ ಹಾಕಿತು. ಒಪ್ಪಂದ ಎಷ್ಟು ಉದ್ದ ಬೇಕಾದ್ರೂ ಇರಲಿ, ಖರ್ಚನ್ನು ಐದು ವರ್ಷಕ್ಕಿಂತ ಹೆಚ್ಚು ಹಂಚೋ ಹಾಗಿಲ್ಲ ಅಂತ. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಮೇಲಿನ ಡಿವಿಷನ್ ಆದ ಪ್ರೀಮಿಯರ್ ಲೀಗ್ ಕ್ಲಬ್ಬುಗಳೂ ಅದನ್ನೇ ಒಪ್ಪಿಕೊಂಡವು. ಹಳೇ ಒಪ್ಪಂದಗಳನ್ನು ಮುಟ್ಟಲಿಲ್ಲ.

ಹೊಸಬ

ಮೇಷ್ಟ್ರೇ, ಒಂದು ಡೌಟು. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನನ್ನ ಮಾರಿದರೆ? ಅವನಿಗೆ ಫೀ ಅಂತ ಕೊಟ್ಟೇ ಇರಲ್ಲ ಅಲ್ವಾ?

ಲೆಕ್ಕದ ಮೇಷ್ಟ್ರು

ಅಲ್ಲೇ ಇರೋದು ಮಜಾ. ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. 4 ಕೋಟಿಗೆ ಮಾರಿದರೆ 4 ಕೋಟಿಯೂ ಲಾಭ. ಹತ್ತನೇ ವಯಸ್ಸಿನಿಂದ ಕ್ಲಬ್ಬಿನಲ್ಲೇ ಇದ್ದು ಅಭಿಮಾನಿಗಳು "ನಮ್ಮ ಹುಡುಗ" ಅಂತ ಹಾಡು ಕಟ್ಟಿರ್ತಾರಲ್ಲ, ಲೆಕ್ಕದ ಕಣ್ಣಿಗೆ ಮೊದಲು ಕಾಣೋದು ಅವನೇ.

2025-26ರ ಸೀಸನ್‌ವರೆಗಿನ ಪ್ರೀಮಿಯರ್ ಲೀಗ್‌ ನಿಯಮ ಹೇಳಿದ್ದು ಇಷ್ಟು. ಮೂರು ವರ್ಷದಲ್ಲಿ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರಬಾರದು. ಬಹುಪಾಲು ಕ್ಲಬ್ಬುಗಳ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತೆ. ಹಾಗಾಗಿ ಜೂನ್ ಕೊನೇ ವಾರದಲ್ಲಿ ಏನು ನಡೆಯುತ್ತೆ ಅಂತ ಗಮನಿಸಿ.

2024ರ ಜೂನ್ ಕೊನೆಯಲ್ಲಿ ಆ್ಯಸ್ಟನ್ ವಿಲಾ ಚೆಲ್ಸಿಯಿಂದ ಇಯಾನ್ ಮಾಟ್ಸನ್‌ನನ್ನು 3.75 ಕೋಟಿ ಪೌಂಡ್‌ಗೆ ತಗೊಂಡಿತು. ಹೆಚ್ಚು ಕಮ್ಮಿ ಅದೇ ಹೊತ್ತಿಗೆ ಚೆಲ್ಸಿ ವಿಲಾದಿಂದ ಒಮಾರಿ ಕೆಲಿಮನ್ ಅನ್ನೋ ಹುಡುಗನನ್ನು 1.9 ಕೋಟಿಗೆ ತಗೊಂಡಿತು. ಕೆಲಿಮನ್ ಆಗ ವಿಲಾದ ಮೊದಲ ತಂಡಕ್ಕೆ ಆಡಿದ್ದು ಬೆರಳೆಣಿಕೆಯ ಪಂದ್ಯ. ಎವರ್ಟನ್ ಮತ್ತು ವಿಲಾ ನಡುವೆಯೂ ಅದೇ ಥರ, ಟಿಮ್ ಇರೋಗ್ಬುನಮ್ ಅತ್ತ, ಲೂಯಿಸ್ ಡಾಬಿನ್ ಇತ್ತ. ಆ ಕಡೆಯವರಿಗೂ ಲಾಭ ಇವತ್ತೇ, ಈ ಕಡೆಯವರಿಗೂ ಲಾಭ ಇವತ್ತೇ. ಕೊಂಡಿದ್ದರ ಖರ್ಚು ಮಾತ್ರ ಮುಂದಿನ ಐದು ವರ್ಷಕ್ಕೆ. ಇದರಲ್ಲಿ ನಿಯಮ ಮುರಿದಿಲ್ಲ. ಆದರೆ ಆ 1.9 ಕೋಟಿ ಅನ್ನೋ ಅಂಕಿಯನ್ನ ಹುಡುಗನ ಆಟ ನೋಡಿ ಬರೆದರು ಅಂತ ಯಾರಾದರೂ ಹೇಳಿದರೆ ನಾನಂತೂ ನಂಬಲ್ಲ.

ವಿಂಗರ್

ಇಟಲಿಯಲ್ಲಿ ಇದಕ್ಕೆ ಪ್ಲುಸ್ವಲೆಂಝಾ ಅಂತಾರೆ. ಆಟಗಾರರ ಬೆಲೆ ಉಬ್ಬಿಸಿ ಲಾಭ ತೋರಿಸಿದ್ದಾರೆ ಅಂತ ಜುವೆಂಟಸ್‌ಗೆ 2023ರ ಜನವರಿಯಲ್ಲಿ 15 ಪಾಯಿಂಟ್ ಕಡಿತ ಆಯ್ತು. ಮೇಲ್ಮನವಿ, ಮರುವಿಚಾರಣೆ ಎಲ್ಲ ಮುಗಿದು ಮೇ ತಿಂಗಳಲ್ಲಿ ಅದು 10 ಪಾಯಿಂಟ್‌ಗೆ ನಿಂತಿತು. ಹಾಗಾಗಿ ಶಿಕ್ಷೆ ಆಗೋದೇ ಇಲ್ಲ ಅಂತೇನಿಲ್ಲ.

ರೆಡ್ ಕಾರ್ಡ್

ಇಂಗ್ಲೆಂಡಲ್ಲೂ ಆಗುತ್ತೆ, ದೊಡ್ಡವರಿಗೆ ಬಿಟ್ಟು. ಮೇಷ್ಟ್ರು ಹೇಳಿದ ನಷ್ಟದ ಮಿತಿ ಮೀರಿದ್ದಕ್ಕೆ ಎವರ್ಟನ್‌ಗೆ 2023ರ ನವೆಂಬರ್‌ನಲ್ಲಿ 10 ಪಾಯಿಂಟ್ ಕಿತ್ತರು, ಆಮೇಲೆ 6ಕ್ಕೆ ಇಳಿಸಿದರು, ಅದೇ ಸೀಸನ್‌ನಲ್ಲಿ ಇನ್ನೂ 2 ಕಿತ್ತರು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 4.

ಫಾರೆಸ್ಟ್ ಕಥೆಯಂತೂ ಹೊಟ್ಟೆ ಉರಿಸುತ್ತೆ. ಬ್ರೆನನ್ ಜಾನ್ಸನ್, ಅವರದ್ದೇ ಅಕಾಡೆಮಿಯ ಹುಡುಗ. ಜೂನ್ 30ರೊಳಗೆ ಬಂದ ರೇಟಿಗೆ ಮಾರಿದ್ದರೆ ಲೆಕ್ಕ ಎಷ್ಟೋ ಸರಿಹೋಗ್ತಿತ್ತು. ಅವರು ಸೆಪ್ಟೆಂಬರ್ 1ರವರೆಗೆ ಕಾದು ಟಾಟ್ನಮ್‌ಗೆ 4.75 ಕೋಟಿ ಪೌಂಡ್‌ಗೆ ಮಾರಿದರು. ಒಳ್ಳೆ ವ್ಯಾಪಾರ ಅಲ್ವಾ? ಕ್ಲಬ್ಬಿಗೆ ಜಾಸ್ತಿ ದುಡ್ಡೇ ಬಂತು. ಆದರೆ ತಾರೀಕು ದಾಟಿತ್ತು. "ಕಾದಿದ್ದಕ್ಕೆ ಒಳ್ಳೆ ರೇಟು ಬಂತು ಸ್ವಾಮಿ" ಅಂತ ವಾದ ಮಾಡಿದರು, ಸಮಿತಿ ಒಪ್ಪಲಿಲ್ಲ. ಕಮ್ಮಿ ರೇಟಿಗೆ ಬೇಗ ಮಾರಿದ್ದರೆ ಬಚಾವ್!

ಬೆಂಚ್ ಪ್ಲೇಯರ್

ಈ ಲೆಕ್ಕ ಎಲ್ಲ ಓದಿದ ಮೇಲೆ ಗೊತ್ತಾಯ್ತು, ನಾನು ಇಷ್ಟು ದಿನ ನೋಡ್ತಿದ್ದಿದ್ದು ಫುಟ್‌ಬಾಲ್ ಅಲ್ಲ, ಆಡಿಟ್.

ಕಾರ್ನರ್ ಕಿಕ್

ಮೇಷ್ಟ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಬೆಲೆ ಏರೋದು ಕೊಳ್ಳೋನ ಜೇಬಲ್ಲಿ ದುಡ್ಡಿದೆ ಅಂತ ಮಾರೋನಿಗೆ ಗೊತ್ತಾದಾಗ. ನೇಮರ್ ಹೋದ ಮೇಲೆ ಬಾರ್ಸಾ ಕೈಯಲ್ಲಿ 22.2 ಕೋಟಿ ಇದೆ ಅಂತ ಯುರೋಪಿಗೆಲ್ಲ ಗೊತ್ತಿತ್ತು. ಅಭಿಮಾನಿಗಳು ಬೇರೆ ಕುದಿಯುತ್ತಿದ್ದರು. ಡಾರ್ಟ್‌ಮಂಡ್‌ನವರು ಹಿಂದಿನ ವರ್ಷ ರೆನ್‌ನಿಂದ ಸುಮಾರು 1.5 ಕೋಟಿ ಯೂರೋಗೆ ತಂದಿದ್ದ ಡೆಂಬೆಲೆಗೆ 10.5 ಕೋಟಿ ಹೇಳಿದರು, ಜೊತೆಗೆ ಬೋನಸ್ಸು. ಬಾರ್ಸಾ ಕೊಟ್ಟಿತು. ಜನವರಿಯಲ್ಲಿ ಲಿವರ್‌ಪೂಲ್ ಕುಟಿನ್ಯೊಗೆ 12 ಕೋಟಿ ಹೇಳಿತು, ಅದಕ್ಕೂ ಬೋನಸ್ಸು. ಅದನ್ನೂ ಕೊಟ್ಟಿತು. ಲಿವರ್‌ಪೂಲ್ ಅವನನ್ನ 2013ರಲ್ಲಿ ಇಂಟರ್‌ನಿಂದ ತಂದಿದ್ದು 85 ಲಕ್ಷ ಪೌಂಡ್‌ಗೆ.

ಲಿವರ್‌ಪೂಲ್ ಏನು ಮಾಡಿತು? ಅದೇ ಜನವರಿಯಲ್ಲಿ ಸೌತಾಂಪ್ಟನ್‌ಗೆ 7.5 ಕೋಟಿ ಪೌಂಡ್ ಕೊಟ್ಟು ವಾನ್ ಡೈಕ್‌ನನ್ನು ತಂದಿತು. ಬೇಸಿಗೆಯಲ್ಲಿ ರೋಮಾದಿಂದ ಆಲಿಸನ್. ಒಂದು ವರ್ಷ ಆದಮೇಲೆ, 2019ರ ಮೇ 7, ಆ್ಯನ್‌ಫೀಲ್ಡ್‌ನಲ್ಲಿ ಅದೇ ಬಾರ್ಸಾವನ್ನು 4-0ಯಿಂದ ಹೊಡೆದು ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಹೋದರು. ಗೋಲಲ್ಲಿ ಆಲಿಸನ್, ಡಿಫೆನ್ಸ್‌ನಲ್ಲಿ ವಾನ್ ಡೈಕ್. ಕುಟಿನ್ಯೊ ಆ ಕಡೆ. 2020ರಲ್ಲಿ ಇನ್ನೂ ಚಂದ. ಬಾರ್ಸಾ ಅವನನ್ನ ಬಯರ್ನ್‌ಗೆ ಲೋನ್ ಕೊಟ್ಟಿತ್ತು. ಬಯರ್ನ್ ಬಾರ್ಸಾವನ್ನು 8-2ರಿಂದ ಚಚ್ಚಿದ ಪಂದ್ಯದಲ್ಲಿ ಕೊನೆಗೆ ಬಂದು ಎರಡು ಗೋಲು ಹೊಡೆದ. ಅವನ ಸಂಬಳದ ಕ್ಲಬ್ಬಿಗೇ!

@ರೆಡ್ ಕಾರ್ಡ್, ಆ 22.2 ಕೋಟಿ ಸುಟ್ಟುಹೋಗಲಿಲ್ಲ ನೋಡಿ. ಪ್ಯಾರಿಸ್‌ನಿಂದ ಬಾರ್ಸಿಲೋನಾ, ಅಲ್ಲಿಂದ ಲಿವರ್‌ಪೂಲ್, ಅಲ್ಲಿಂದ ಸೌತಾಂಪ್ಟನ್, ರೋಮ್. ಕೈ ಬದಲಾಗ್ತಾ ಹೋಯ್ತು.

ರೆಡ್ ಕಾರ್ಡ್

ಕೈ ಬದಲಾಯ್ತು, ಸರಿ. ಕೊನೆಗೆ ಬಾರ್ಸಾ ಏನಾಯ್ತು ಹೇಳಿ. 2021ರಲ್ಲಿ ಸಾಲ 100 ಕೋಟಿ ಯೂರೋ ದಾಟಿತ್ತು. ಮೆಸ್ಸಿಯನ್ನು ನೋಂದಾಯಿಸೋಕಾಗದೆ ಬಿಟ್ಟುಕೊಟ್ಟರು. ಮೆಸ್ಸಿಯನ್ನ! ಅದೂ ಫೀ ಇಲ್ಲದೆ. ಡೆಂಬೆಲೆ, ಕುಟಿನ್ಯೊ, 2019ರಲ್ಲಿ ಗ್ರೀಝ್‌ಮನ್‌ಗೆ ಇನ್ನೊಂದು 12 ಕೋಟಿ. ಈ ಮೂರು ಖರೀದಿ ಮಾಡದೆ ಇದ್ದಿದ್ದರೆ ಮೆಸ್ಸಿ ಅಲ್ಲೇ ನಿವೃತ್ತಿ ಆಗ್ತಿದ್ದನೋ ಏನೋ.

ಎಡಗಾಲ

ಪೂರ್ತಿ ಫೀ ಮೇಲೆ ಹಾಕಬೇಡಿ. ಅಲ್ಲಿ ಸಂಬಳದ ಹೊರೆಯೇ ದೊಡ್ಡದಿತ್ತು, ಮೇಲೆ ಕೊರೊನಾ ಬಂದು ಸ್ಟೇಡಿಯಂ ಖಾಲಿ. ಫೀ ಪೇಪರಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತೆ, ಸಂಬಳ ಬರಲ್ಲ. ಲೀಗ್ ಪಟ್ಟಿಯಲ್ಲಿ ಯಾರು ಮೇಲೆ ಬರ್ತಾರೆ ಅಂತ ಊಹಿಸೋಕೂ ಟ್ರಾನ್ಸ್‌ಫರ್ ಖರ್ಚಿಗಿಂತ ಸಂಬಳದ ಒಟ್ಟು ಮೊತ್ತವೇ ವಾಸಿ. ಒಪ್ಪಂದ ಮುಗಿಸಿ ಬರೋನಿಗೆ ಫೀ ಸೊನ್ನೆ ಅಂತ ಪುಕ್ಕಟೆ ಬರ್ತಾನಾ? ಆ ದುಡ್ಡು ಸೈನಿಂಗ್ ಬೋನಸ್, ಸಂಬಳ, ಏಜೆಂಟ್ ಕಮಿಷನ್ ರೂಪದಲ್ಲಿ ಹೋಗುತ್ತೆ.

ನಿರ್ವಾಹಕ

ಮೂರು ಕಾಮೆಂಟ್ ತೆಗೆದಿದ್ದೀನಿ. ಬಾರ್ಸಾ-ಮ್ಯಾಡ್ರಿಡ್ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೊಡೆದಾಡಿಕೊಳ್ಳಿ. ಇಲ್ಲಿ ಟ್ರಾನ್ಸ್‌ಫರ್ ಫೀ ಮಾತ್ರ.

ಗೋಲ್‌ಪೋಸ್ಟ್ ಹಿಂದೆ

ಎಲ್ಲರೂ ಕೊಳ್ಳೋ ಕ್ಲಬ್ಬುಗಳ ಬಗ್ಗೆನೇ ಮಾತಾಡ್ತಿದ್ದೀರಿ. ಮಾರೋರ ಕಡೆಯಿಂದ ಒಂದು ಸಲ ನೋಡಿ.

ಬ್ರೈಟನ್ 2021ರಲ್ಲಿ ಮೊಯ್ಸೆಸ್ ಕೈಸೆಡೊನನ್ನು ಎಕ್ವಡಾರ್‌ನ ಇಂಡಿಪೆಂಡಿಯೆಂಟೆ ಡೆಲ್ ವಾಯೆಯಿಂದ ಸುಮಾರು 40 ಲಕ್ಷ ಪೌಂಡ್‌ಗೆ ತಂದಿತು. 2023ರ ಆಗಸ್ಟ್‌ನಲ್ಲಿ ಚೆಲ್ಸಿಗೆ ಮಾರಿದ್ದು 10 ಕೋಟಿಗೆ, ಬೋನಸ್ ಸೇರಿದರೆ 11.5 ಕೋಟಿ. ಎಂಜೊನ ಕಥೆ ಇನ್ನೂ ಬೇಗ. 2022ರ ಬೇಸಿಗೆಯಲ್ಲಿ ರಿವರ್ ಪ್ಲೇಟ್‌ನಿಂದ ಬೆನ್ಫಿಕಾಗೆ ಸುಮಾರು 1 ಕೋಟಿ ಯೂರೋಗೆ ಬಂದ, ವಿಶ್ವಕಪ್ ಗೆದ್ದ, ಜನವರಿಯಲ್ಲಿ ಆ ರೇಟಿಗೆ ಮಾರಾಟ. ರಿವರ್ ಪ್ಲೇಟ್‌ನವರು ಜಾಣರು. ಮುಂದಿನ ಮಾರಾಟದಲ್ಲಿ ಕಾಲು ಭಾಗ ತಮಗೆ ಅಂತ ಮೊದಲೇ ಇಟ್ಟುಕೊಂಡಿದ್ದರು. ಇಂಥ ಷರತ್ತಿಗೆ ಸೆಲ್-ಆನ್ ಅಂತಾರೆ. ಸಣ್ಣ ಕ್ಲಬ್ಬಿಗೆ ಇದೇ ಜೀವಾಳ.

ಷರತ್ತು ಬರೆಸದಿದ್ದರೂ ಒಂದು ಪಾಲಿದೆ, ಅದು ತುಂಬಾ ಜನಕ್ಕೆ ಗೊತ್ತಿಲ್ಲ. ಆಟಗಾರ ಒಪ್ಪಂದದ ನಡುವೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಮಾರಾಟವಾದರೆ ಫೀಯಲ್ಲಿ ನೂರಕ್ಕೆ 5ರಷ್ಟನ್ನು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು. ಫಿಫಾದ ಸಾಲಿಡಾರಿಟಿ ನಿಯಮ. 12ರಿಂದ 15ರವರೆಗೆ ಪ್ರತಿ ಸೀಸನ್‌ಗೆ ಫೀಯ 0.25%, 16ರಿಂದ 23ರವರೆಗೆ 0.5%. ಫೀ 10 ಕೋಟಿ ಅಂದರೆ, ಹುಡುಗ 12ರಿಂದ 15ರವರೆಗೆ ಆಡಿದ ಕ್ಲಬ್ಬಿಗೆ 10 ಲಕ್ಷ. ಸಂಜೆ ಹೊತ್ತು ಹುಡುಗರಿಗೆ ಆಟ ಹೇಳಿಕೊಡೋ ಪುಟ್ಟ ಕ್ಲಬ್ಬಿಗೆ 10 ಲಕ್ಷ ಯೂರೋ ಬಂದರೆ ಹೊಸ ಮೈದಾನ, ಡ್ರೆಸಿಂಗ್ ರೂಮ್ ಎಲ್ಲ ಆಗುತ್ತೆ.

ಪೋಗ್ಬಾನನ್ನೇ ತಗೊಳ್ಳಿ. ರುವಾಸಿ-ಆನ್-ಬ್ರೀ, ಟೋರ್ಸಿ, ಲ ಆವ್ರ್, ಈ ಕ್ಲಬ್ಬುಗಳಲ್ಲಿ ಬೆಳೆದವನು. ಯುನೈಟೆಡ್‌ನವರು 10.5 ಕೋಟಿ ಕೊಟ್ಟಾಗ ನಾವೆಲ್ಲ ಬಾಯಿ ಮೇಲೆ ಬೆರಳಿಟ್ಟುಕೊಂಡೆವು. ಇಂಥ ಸಣ್ಣ ಕ್ಲಬ್ಬುಗಳ ಪಾಲಿಗೆ ಫೀ ಎಷ್ಟು ಉಬ್ಬಿದರೆ ಅಷ್ಟು ಒಳ್ಳೇದು.

ಲೆಕ್ಕದ ಮೇಷ್ಟ್ರು

ಒಳ್ಳೆ ಮಾತು. ಒಂದು ಎಚ್ಚರಿಕೆ: ಈ ಪಾಲು ಎಷ್ಟೋ ವರ್ಷ ಸರಿಯಾಗಿ ತಲುಪುತ್ತಲೇ ಇರಲಿಲ್ಲ. ಸಣ್ಣ ಕ್ಲಬ್ಬುಗಳೇ ದಾಖಲೆ ಹಿಡಿದು ದೊಡ್ಡವರ ಬೆನ್ನು ಬೀಳಬೇಕಿತ್ತು. 2022ರ ನವೆಂಬರ್‌ನಲ್ಲಿ ಫಿಫಾ ಕ್ಲಿಯರಿಂಗ್ ಹೌಸ್ ಅಂತ ಶುರು ಮಾಡಿದ ಮೇಲೆ ದುಡ್ಡು ಅದರ ಮೂಲಕವೇ ಹೋಗಬೇಕು.

ವಿಂಗರ್

@ಗೋಲ್‌ಪೋಸ್ಟ್ ಹಿಂದೆ, ಪೋಗ್ಬಾ ಲೆಕ್ಕ ಪೂರ್ತಿ ಹೇಳಿ. 2012ರಲ್ಲಿ ಒಪ್ಪಂದ ಮುಗಿಸಿ ಯುನೈಟೆಡ್ ಬಿಟ್ಟು ಜುವೆಂಟಸ್‌ಗೆ ಹೋದ. ಯುನೈಟೆಡ್‌ಗೆ ಪರಿಹಾರ ಅಂತ ಸಿಕ್ಕಿದ್ದು ಪುಡಿಗಾಸು. ನಾಲ್ಕು ವರ್ಷಕ್ಕೆ ಅದೇ ಜುವೆಂಟಸ್‌ಗೆ 10.5 ಕೋಟಿ ಕೊಟ್ಟು ವಾಪಸ್ ತಂದರು. 2022ರಲ್ಲಿ ಮತ್ತೆ ಒಪ್ಪಂದ ಮುಗಿಸಿ ಮತ್ತೆ ಜುವೆಂಟಸ್‌ಗೆ ಹೋದ. ಒಂದೇ ಕ್ಲಬ್ಬಿಂದ ಎರಡು ಸಲ ಖಾಲಿ ಕೈಯಲ್ಲಿ ಕಳಿಸಿಕೊಟ್ಟರು. ಕಾರ್ನರ್ ಕಿಕ್ ಅವರ ವಾದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಇನ್ನೊಂದು ವಿಷಯ. ಮಹಿಳೆಯರ ಫುಟ್‌ಬಾಲ್‌ನಲ್ಲಿ 10 ಲಕ್ಷ ಡಾಲರ್ ಗಡಿ ಮೊದಲ ಸಲ ದಾಟಿದ್ದು 2025ರ ಜನವರಿಯಲ್ಲಿ, ನಯೋಮಿ ಗಿರ್ಮಾ, ಸ್ಯಾನ್ ಡಿಯೇಗೊ ವೇವ್‌ನಿಂದ ಚೆಲ್ಸಿಗೆ 11 ಲಕ್ಷ. ಜುಲೈನಲ್ಲಿ ಆರ್ಸೆನಲ್‌ಗೆ ಬಂದ ಒಲಿವಿಯಾ ಸ್ಮಿತ್‌ಗೆ 10 ಲಕ್ಷ ಪೌಂಡ್. ಆಗಸ್ಟ್‌ನಲ್ಲಿ ಅದೂ ಮುರಿದು ಲಿಝ್‌ಬೆತ್ ಒವಾಯೆ, ಒರ್ಲ್ಯಾಂಡೊ ಪ್ರೈಡ್‌ಗೆ 15 ಲಕ್ಷ ಡಾಲರ್. ಅಲ್ಲಿ ಯಾರೂ "ಹಾಳಾಯ್ತು" ಅನ್ನಲ್ಲ, ಸದ್ಯ ದುಡ್ಡು ಬರೋಕೆ ಶುರುವಾಯ್ತಲ್ಲ ಅಂತಾರೆ.

ಹೊಸಬ

ಇಷ್ಟೆಲ್ಲ ದುಡ್ಡು ಇಂಗ್ಲೆಂಡಿಂದಲೇ ಬರ್ತಿದೆ ಅನ್ನಿಸ್ತಿದೆ. ಉಳಿದ ಲೀಗ್‌ಗಳಿಗೆ ಯಾಕಿಲ್ಲ?

ಎಡಗಾಲ

ಟಿವಿ. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾಗಿದ್ದೇ ಟಿವಿ ದುಡ್ಡಿಗೆ. 2016ರಿಂದ 2019ರ ಮೂರು ಸೀಸನ್‌ಗೆ ಬ್ರಿಟನ್ನಿನ ಒಳಗಿನ ನೇರಪ್ರಸಾರದ ಹಕ್ಕೇ 513 ಕೋಟಿ ಪೌಂಡ್‌ಗೆ ಹೋಯ್ತು. ಹೊರದೇಶದ ಹಕ್ಕು ಬೇರೆ. ಅದನ್ನ ಬೇರೆ ಲೀಗ್‌ಗಳಿಗಿಂತ ಸಮನಾಗಿ ಹಂಚ್ತಾರೆ, ಹಾಗಾಗಿ ಅಲ್ಲಿ ಕೊನೇ ಸ್ಥಾನದ ಕ್ಲಬ್ಬಿನ ಜೇಬೂ ಭರ್ತಿ. 2025ರ ಬೇಸಿಗೆಯಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ಸೇರಿ ಸುರಿದಿದ್ದು 300 ಕೋಟಿ ಪೌಂಡ್‌ಗೂ ಮೇಲೆ.

ಇಂಗ್ಲೆಂಡಿಂದ ಫೋನ್ ಬಂದರೆ ರೇಟು ತಾನೇ ಏರುತ್ತೆ. ಇಸಾಕ್ ಹೋಗೋ ಹೊತ್ತಿಗೆ ನ್ಯೂಕಾಸಲ್‌ನವರು ಸ್ಟುಟ್‌ಗಾರ್ಟ್‌ನಿಂದ ವೋಲ್ಟಮಾಡೆಗೆ ಸುಮಾರು 6.5 ಕೋಟಿ ಪೌಂಡ್ ಕೊಟ್ಟರು. ಸ್ಟುಟ್‌ಗಾರ್ಟ್‌ಗೆ ಅವನು ಬಂದಿದ್ದು ಹಿಂದಿನ ವರ್ಷ, ಬ್ರೆಮೆನ್ ಜೊತೆ ಒಪ್ಪಂದ ಮುಗಿಸಿ, ಫೀ ಸೊನ್ನೆ.

ರೆಡ್ ಕಾರ್ಡ್

ಆ ಟಿವಿ ದುಡ್ಡು ಆಕಾಶದಿಂದ ಉದುರುತ್ತಾ? ಚಂದಾ ಕಟ್ಟೋರು ನಾವು. ಪಂದ್ಯ ಹಂಚಿಹೋಗಿ ಎರಡು ಮೂರು ಕಡೆ ಚಂದಾ ಕಟ್ಟಿ ನೋಡೋರು ನಾವು. ಮೇಲೆ ಇಷ್ಟು ಹರಿದಾಡ್ತಿದ್ದರೂ ಕೆಳಗೆ ನೋಡಿ. ಬರಿ ಅನ್ನೋ ಕ್ಲಬ್ಬು, ಎರಡು ಸಲ ಎಫ್ಎ ಕಪ್ ಗೆದ್ದಿದ್ದು, 2019ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಲೀಗ್‌ನಿಂದಲೇ ಹೊರಬಿತ್ತು. ಸಾಲ ತೀರಿಸೋಕಾಗಲಿಲ್ಲ. ಮ್ಯಾಂಚೆಸ್ಟರ್‌ನ ಪಕ್ಕದ ಊರದು. ಎರಡು ದೊಡ್ಡ ಕ್ಲಬ್ಬಿನಲ್ಲಿ ಬೆಂಚ್ ಮೇಲೆ ಕೂತೋನ ಫೀಯಲ್ಲಿ ಒಂದು ಚೂರು ಇತ್ತ ಬಂದಿದ್ದರೂ ಬದುಕ್ತಿತ್ತು.

ಬೆಂಚ್ ಪ್ಲೇಯರ್

ಬೆಂಚ್ ಮೇಲೆ ಕೂತೋರನ್ನ ಯಾಕೆ ಎಳೀತೀರಪ್ಪ 😔

ಗೋಲ್‌ಪೋಸ್ಟ್ ಹಿಂದೆ

@ರೆಡ್ ಕಾರ್ಡ್, ಬರಿ ವಿಷಯದಲ್ಲಿ ನಿಮ್ಮ ಸಿಟ್ಟು ಸರಿ. ಆದರೆ ಅದು ಟ್ರಾನ್ಸ್‌ಫರ್ ಫೀ ತಪ್ಪಲ್ಲ. ಪ್ರೀಮಿಯರ್ ಲೀಗ್ ಕೆಳಗಿನ ಡಿವಿಷನ್‌ಗಳ ಜೊತೆ ಟಿವಿ ದುಡ್ಡು ಎಷ್ಟು ಹಂಚಿಕೊಳ್ಳಬೇಕು ಅನ್ನೋದು ಬೇರೆ ಜಗಳ. ಫೀ ಅನ್ನೋದು ಕೆಳಗಿನವರಿಗೆ ಮೇಲಿನಿಂದ ದುಡ್ಡು ಇಳಿದು ಬರೋ ಕೆಲವೇ ದಾರಿಗಳಲ್ಲಿ ಒಂದು. ಲೆಸ್ಟರ್‌ನವರು ಮಹ್ರೆಝ್‌ನನ್ನು ಲ ಆವ್ರ್‌ನಿಂದ ತಂದಿದ್ದು 5 ಲಕ್ಷ ಪೌಂಡ್‌ಗೂ ಕಮ್ಮಿಗೆ. ಮ್ಯಾಂಚೆಸ್ಟರ್ ಸಿಟಿಗೆ ಮಾರಿದ್ದು 6 ಕೋಟಿಗೆ. ಮಧ್ಯೆ ಲೀಗ್ ಟ್ರೋಫಿ ಬೇರೆ.

ಲೆಕ್ಕದ ಮೇಷ್ಟ್ರು

ಹಾಗಾದರೆ ಆ ದಾರಿಯೂ ಸಣ್ಣದಾಗಬಹುದು ಅಂತ ನೆನಪಿಡಿ. 1995ರ ಡಿಸೆಂಬರ್‌ನಲ್ಲಿ ಬಾಸ್ಮನ್ ತೀರ್ಪು ಬಂತಲ್ಲ. ಅದಕ್ಕೆ ಮುಂಚೆ ಒಪ್ಪಂದ ಮುಗಿದರೂ ಕ್ಲಬ್ಬು ಫೀ ಕೇಳಬಹುದಿತ್ತು. ಬೆಲ್ಜಿಯಂನ ಲಿಯೇಜ್ ಕ್ಲಬ್ಬು ಬಾಸ್ಮನ್‌ನನ್ನು ಡಂಕರ್ಕ್‌ಗೆ ಹೋಗೋಕೆ ಬಿಡಲಿಲ್ಲ, ಅವನು ಕೋರ್ಟಿಗೆ ಹೋದ, ಯುರೋಪಿನ ನ್ಯಾಯಾಲಯ ಅವನ ಪರ ನಿಂತಿತು. ಇವತ್ತು ನಾವು ಮಾತಾಡ್ತಿರೋ "ಸೊನ್ನೆ ಫೀ" ಹುಟ್ಟಿದ್ದೇ ಅಲ್ಲಿ.

2024ರ ಅಕ್ಟೋಬರ್ 4ರಂದು ಅದೇ ನ್ಯಾಯಾಲಯ ಲಸಾನಾ ಡಿಯಾರಾ ಕೇಸಲ್ಲಿ ಇನ್ನೊಂದು ತೀರ್ಪು ಕೊಟ್ಟಿದೆ. ಲೊಕೊಮೊಟಿವ್ ಮಾಸ್ಕೋ ಜೊತೆ ಜಗಳವಾಗಿ ಅವನ ಒಪ್ಪಂದ ಮುರಿದಿತ್ತು. ಸರಿಯಾದ ಕಾರಣ ಇಲ್ಲದೆ ಒಪ್ಪಂದ ಮುರಿದ ಆಟಗಾರನನ್ನು ಯಾವ ಹೊಸ ಕ್ಲಬ್ಬು ತಗೊಂಡರೂ ಪರಿಹಾರಕ್ಕೆ ಅದೂ ಹೊಣೆ ಅಂತ ಫಿಫಾ ನಿಯಮ ಇತ್ತು. ಬೆಲ್ಜಿಯಂನ ಶಾರ್ಲುವಾ ಅವನನ್ನು ತಗೊಳ್ಳೋಕೆ ಹೆದರಿದ್ದು ಅದಕ್ಕೇ. ಆ ನಿಯಮಗಳಲ್ಲಿ ಕೆಲವು ಯುರೋಪಿನ ಕಾನೂನಿಗೆ ವಿರುದ್ಧ ಅಂತ ತೀರ್ಪಾಯ್ತು. ಡಿಸೆಂಬರ್‌ನಲ್ಲಿ ಫಿಫಾ ತಾತ್ಕಾಲಿಕವಾಗಿ ನಿಯಮ ತಿದ್ದಿತು.

ಆಟಗಾರ ಒಪ್ಪಂದದ ನಡುವೆ ಸುಲಭವಾಗಿ ಹೊರಗೆ ಬರೋ ಹಾಗಾದರೆ ಉಳಿದ ವರ್ಷಗಳಿಗೆ 12.5 ಕೋಟಿ ಯಾರು ಕೊಡ್ತಾರೆ?

ರೆಡ್ ಕಾರ್ಡ್

ಬರಲಿ ಬಿಡಿ! ಬೇರೆ ಯಾವ ಕೆಲಸದಲ್ಲಿ ನೋಟಿಸ್ ಕೊಟ್ಟು ಹೋಗೋಕೆ ಹೊಸ ಕಂಪನಿ ಹಳೇ ಕಂಪನಿಗೆ ಕೋಟಿ ಕೊಡುತ್ತೆ?

ಗೋಲ್‌ಪೋಸ್ಟ್ ಹಿಂದೆ

ಬಂದರೆ ಮೊದಲ ಏಟು ಚೆಲ್ಸಿಗೋ ಮ್ಯಾಡ್ರಿಡ್‌ಗೋ ಬೀಳಲ್ಲ. ಬ್ರೈಟನ್, ಬೆನ್ಫಿಕಾ, ಅಯಾಕ್ಸ್, ಲ ಆವ್ರ್ ಇವರಿಗೆ. ಫೀ ಹೋದರೆ ಆ 5% ಕೂಡ ಹೋಯ್ತು. ದೊಡ್ಡ ಕ್ಲಬ್ಬು ಫೀಗೆ ಇಟ್ಟಿದ್ದ ದುಡ್ಡನ್ನು ಸಂಬಳಕ್ಕೆ ಹಾಕಿ ಅದೇ ಹುಡುಗನನ್ನು ಇನ್ನೂ ಬೇಗ ಕರ್ಕೊಂಡು ಹೋಗುತ್ತೆ.

ಕಾರ್ನರ್ ಕಿಕ್

ಅದಕ್ಕೆ ಫೀ ಜೊತೆ ಕಟ್ಟಿಹಾಕದ ಪಾಲು ಬೇಕು. ಹುಡುಗ ಮೊದಲ ಸಲ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದಾಗ ಬೆಳೆಸಿದ ಕ್ಲಬ್ಬಿಗೆ ತರಬೇತಿ ಪರಿಹಾರ ಕೊಡೋ ನಿಯಮ ಈಗಲೂ ಫಿಫಾದಲ್ಲಿದೆ. ಮೊತ್ತ ಮಾತ್ರ ತೀರಾ ಸಣ್ಣದು. ಟಿವಿ ದುಡ್ಡಿಂದಲೋ ಸಂಬಳದ ಮೊತ್ತದಿಂದಲೋ ಅದಕ್ಕೆ ದುಡ್ಡು ತೆಗೆದಿಟ್ಟರೆ ಫೀ ಇದ್ದರೂ ಇಲ್ಲದಿದ್ದರೂ ಲ ಆವ್ರ್‌ಗೆ ಸಿಗಬೇಕಾದ್ದು ಸಿಗುತ್ತೆ. ದೊಡ್ಡ ಕ್ಲಬ್ಬುಗಳು ಒಪ್ಪುತ್ತವಾ ಅಂದರೆ, ಸುಲಭಕ್ಕಂತೂ ಒಪ್ಪಲ್ಲ.

ಲೆಕ್ಕದ ಮೇಷ್ಟ್ರು

ಸಂಬಳದ ಮೊತ್ತದಿಂದ ಅಂದಿರಿ ನೋಡಿ, ಅದು ಸಾಧ್ಯ. ಯುಯೆಫಾ ಈಗಾಗಲೇ ಸಂಬಳ, ಅಮಾರ್ಟೈಸೇಶನ್, ಏಜೆಂಟ್ ಖರ್ಚು ಮೂರನ್ನೂ ಕೂಡಿಸಿ ಆದಾಯದ 70% ಮೀರಬಾರದು ಅಂತ ನಿಯಮ ಮಾಡಿದೆ. ಲೆಕ್ಕ ಹೇಗಿದ್ದರೂ ಅವರ ಕೈಯಲ್ಲಿದೆ. ಅದೇ ಮೊತ್ತದ ಮೇಲೆ ಒಂದು ಸಣ್ಣ ಶೇಕಡಾ ಹಾಕಿ ಕ್ಲಿಯರಿಂಗ್ ಹೌಸ್ ಮೂಲಕ ಹಂಚೋದು ಲೆಕ್ಕದ ದೃಷ್ಟಿಯಿಂದ ಏನೂ ಕಷ್ಟ ಇಲ್ಲ. ಎಷ್ಟು ಶೇಕಡಾ ಅಂತ ಮಾತ್ರ ನೀವು ನೀವೇ ಕಿತ್ತಾಡಿ.

ಗೋಲ್‌ಪೋಸ್ಟ್ ಹಿಂದೆ

5ರಿಂದ ಶುರು ಮಾಡೋಣ, ಕೆಳಗೆ ಇಳಿಯಲ್ಲ.